ಇನ್ನೂರ ನಲವತ್ತು ಬೀಜ, ಒಂದು ಕಾಂಕ್ರೀಟ್ ಮಿಕ್ಸರ್

ಫೆಬ್ರವರಿ ೩, ಬೆಳಿಗ್ಗೆ ೬:೩೦

ಮತ್ತೆ ಎಣಿಸಿದೆ. ಇನ್ನೂರ ನಲವತ್ತು. ನಿನ್ನೆಯೂ ಅಷ್ಟೇ. ರಾತ್ರಿ ಮರಿ ಹಾಕಿಲ್ಲ.

ಅಂಗಿ ಗುಂಡಿಯಷ್ಟು ಗಾತ್ರ, ಜಲ್ಲಿಕಲ್ಲಿನ ಬಣ್ಣ. ಸಿಮೆಂಟ್ ನೆಲಕ್ಕೆ ಬಿಟ್ಟರೆ ಟಣ್ ಅನ್ನುತ್ತದೆ. ಇದು ಬೀಜ ಅಂತ ಚೀಟಿ ಅಂಟಿಸಿದ್ದಾರೆ, ನಂಬಬೇಕು.

ತಪ್ಪು ನನ್ನದೇ. ನಿನ್ನೆ ಬೀಜ ಕೇಂದ್ರದಲ್ಲಿ ನರ್ಸರಿಯವರ ಮೀಟಿಂಗ್. ಅಲ್ಲಿನ ಮೇಡಂ ಈ ಡಬ್ಬಿ ಎತ್ತಿ ತೋರಿಸಿದರು. ಗುಡ್ಡದ ಮೇಲಿದ್ದ ಒಂದೇ ಒಂದು ಮರದ ಬೀಜ, ಆ ಜಾತಿಯಲ್ಲಿ ನಮಗೆ ಗೊತ್ತಿದ್ದದ್ದು ಅದೊಂದೇ. ಮೂರು ವರ್ಷದ ಹಿಂದೆ ಸಿಡಿಲು ಬಡಿದು ಹೋಯಿತು. ಲ್ಯಾಬಿನಲ್ಲಿ ಆ್ಯಸಿಡ್ ಹಾಕಿದರು, ಫ್ರಿಜ್ಜಿನಲ್ಲಿಟ್ಟರು. ಒಂದೂ ಸಸಿಯಾಗಿಲ್ಲ. "ಸುಪ್ತಾವಸ್ಥೆ" ಅಂದರು ಮೇಡಂ. ಎಲ್ಲರೂ ತಲೆಯಾಡಿಸಿದರು. ನಾನು ಸುಮ್ಮನಿರಬಾರದಿತ್ತೇ?

"ನಿದ್ದೆ ತಾನೆ ಮೇಡಂ? ಎಬ್ಬಿಸಿದರಾಯ್ತು. ನನ್ನೆದುರು ಕೂತರೆ ಕಲ್ಲೂ ಬಾಯಿ ಬಿಡುತ್ತೆ!"

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಡಬ್ಬಿ ನನ್ನ ಕಡೆ ತಳ್ಳಿದರು. "ಹಾಗಾದರೆ ತಗೊಳ್ಳಿ ನರ್ಸರಿಯಮ್ಮ."

ಷರತ್ತು ಹೀಗೆ. ಏಪ್ರಿಲ್ ಹತ್ತರೊಳಗೆ ಎಲೆ ಬಿಟ್ಟ ಒಂದು ಸಸಿ ತೋರಿಸಬೇಕು. ತೋರಿಸಿದರೆ ಉಳಿದ ಬೀಜವೆಲ್ಲ ನನ್ನ ಕೈಯಲ್ಲೇ ಗಿಡವಾಗಬಹುದು. ಇಲ್ಲದಿದ್ದರೆ ಉಳಿದದ್ದು ದೊಡ್ಡ ಆಫೀಸಿನ ಶೀತಲ ಕೋಣೆಗೆ. ಅಲ್ಲಿಗೆ ಹೋದ ಬೀಜ ನಂಬರ್ ಆಗುತ್ತದೆ, ಮರ ಆಗುವುದಿಲ್ಲ. ಕಾಯೋಣ ಅಂದರೆ ಅದೂ ಆಗದು. ಬೀಜಕ್ಕೆ ಆಗಲೇ ಮೂರು ವರ್ಷ, ಒಳಗೊಳಗೇ ಸಾಯುತ್ತಿವೆಯಂತೆ.

ಹಾಲಿನ ಖಾಲಿ ಪ್ಯಾಕೆಟ್‌ಗಳಲ್ಲಿ ಹನ್ನೆರಡು ಗಿಡ ನೆಟ್ಟು ಶುರು ಮಾಡಿದವಳು ನಾನು. ಈಗ ಅರವತ್ತು ಸಾವಿರ ಗಿಡ. ಅವನ್ನೆಲ್ಲ ಮಾತಿನಿಂದ ಬೆಳೆಸಿಲ್ಲ, ಲೆಕ್ಕದಿಂದ ಬೆಳೆಸಿದ್ದೇನೆ. ಸ್ಟಾಕ್ ಬುಕ್ಕಿನ ಹಿಂಬದಿಯಲ್ಲಿ ನಾಲ್ಕು ಕಾಲಂ ಎಳೆದೆ: ಬಂದದ್ದು, ಸತ್ತದ್ದು, ಉಳಿದದ್ದು, ಎದ್ದದ್ದು. ಕೊನೆಯದಕ್ಕೆ ಜಾಸ್ತಿ ಜಾಗ ಬಿಟ್ಟಿದ್ದೇನೆ. ಆಸೆ ನೋಡಿ.

ಸಂಜೆ

ಅತ್ತೆಗೆ ಬೀಜ ತೋರಿಸಿದೆ. ಮೂವತ್ತು ವರ್ಷ ಆ ಕೇಂದ್ರಕ್ಕೆ ಕೂಲಿಗೆ ಬೀಜ ಆಯ್ದವರು. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ನಾನೇ ಆರಿಸಿದ್ದಲ್ಲವಾ" ಅಂದರು. ಮರದ ಕೊನೆಯ ವರ್ಷದ ಬೀಜ ಅತ್ತೆಯ ಸೆರಗಿನಿಂದಲೇ ಡಬ್ಬಿಗೆ ಹೋಗಿತ್ತು!

"ಆ ಮರದ ಕೆಳಗೆ ಒಂದು ಸಸೀನೂ ನಾನು ಕಂಡಿಲ್ಲ ಕಣೇ. ಕೆಳಗಡೆ ತೊರೆ..."

ಅಷ್ಟರಲ್ಲಿ ಗಿರಾಕಿ ಬಂದ. ಎದ್ದು ಹೋದೆ.

ಫೆ. ೫

ಇಪ್ಪತ್ತು ಬೀಜ ಎರಡು ದಿನ ತಣ್ಣೀರಲ್ಲಿ. ಏನೂ ಇಲ್ಲ. ಈಜಿಗೆ ಹೋಗಿ ಬಂದ ಹಾಗೆ ಹೊಳೆಯುತ್ತಿವೆ. ಒರೆಸಿ ವಾಪಸ್ ಡಬ್ಬಿಗೆ.

ಫೆ. ೮

ಬಿಸಿನೀರು. ನಲವತ್ತು ಬೀಜ. ಒಲೆಯಿಂದ ಇಳಿಸಿದ ನೀರು ಸುರಿದು ಮುಚ್ಚಿಟ್ಟೆ. ಮರುದಿನಕ್ಕೆ ಮೂರು ಉಬ್ಬಿದ್ದವು. ಕುಣಿದೆ. ಮೂರು ಉಬ್ಬಿದ ಮೇಲೆ ಮೂವತ್ತೇಳಕ್ಕೇನು ಧಾಡಿ? ಎಲ್ಲವನ್ನೂ ಪಾತ್ರೆಗೆ ಹಾಕಿ ಹತ್ತು ನಿಮಿಷ ಕುದಿಸಿದೆ. ನಲವತ್ತೂ ಉಬ್ಬಿದವು.

ಇವರು ಕಾಂಕ್ರೀಟ್ ಕೆಲಸ ಮುಗಿಸಿ ಅಡುಗೆಮನೆಗೆ ಬಂದು ಮುಚ್ಚಳ ಎತ್ತಿದರು. "ಇದೇನೇ, ಪಲ್ಯವಾ?"

ಪಲ್ಯವೇ. ಹಿಚುಕಿದರೆ ಹಿಟ್ಟು. ಬೆರಳು ತೋರಿಸಿದರೆ ಹಸ್ತ ನುಂಗುವ ಬುದ್ಧಿ ನನ್ನದು.

ಸತ್ತದ್ದು ೪೦. ಉಳಿದದ್ದು ೨೦೦.

ಫೆ. ೧೨, ಬೆಳಿಗ್ಗೆ ೧೧

ಸಿಕ್ಕಿತು!

ನೇಲ್ ಕಟರ್! ಬೀಜದ ಒಂದು ತುದಿಯಲ್ಲಿ ಸಣ್ಣ ಮೂತಿ ಇದೆ, ಚುಕ್ಕಿಯಷ್ಟು. ಬಾಗಿಲು ಇರುವಲ್ಲೇ ಬಾಗಿಲು ಒಡೆಯಬೇಕು ತಾನೆ? ನಲವತ್ತು ಬೀಜದ ಮೂತಿ ಚಿವುಟಿದೆ. ಕೈಯಲ್ಲಿ ಬೊಬ್ಬೆ. ನೆನೆಸಿದೆ. ಈಗ ನೋಡಿದರೆ ನಲವತ್ತಕ್ಕೆ ನಲವತ್ತೂ ದುಪ್ಪಟ್ಟು ದಪ್ಪ! ಬೇಯಿಸದೆ!

ಮೇಡಂಗೆ ಫೋನ್ ಮಾಡಿ ಹೇಳಿಯೇಬಿಟ್ಟೆ. "ಮೊಳೆಯಿತಾ?" ಅಂದರು. "ಮೊಳೆಯೋದೇನು ಮೇಡಂ, ಬಾಯಿ ಬಿಟ್ಟಿವೆ, ಇನ್ನು ಮಾತಾಡೋದೊಂದೇ ಬಾಕಿ."

ಇಡೀ ದಿನ ಸಿಕ್ಕವರಿಗೆಲ್ಲ ಹೇಳಿದೆ. ಗೊಬ್ಬರದ ಲಾರಿಯವನಿಗೂ.

ಫೆ. ೨೩

ಹನ್ನೊಂದು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ.

ಬಿತ್ತಿದ ಮಡಿಯಿಂದ ವಾಸನೆ ಬಂತು. ಅಗೆದು ನೋಡಿದರೆ ನಲವತ್ತೂ ಕೊಳೆತಿವೆ. ಬ್ಲೇಡಿನಿಂದ ಸೀಳಿ ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಬೇರು ಎಲ್ಲಿಂದ ಹೊರಗೆ ಬರುತ್ತೆ?"

"ಮೂತಿಯಿಂದ."

"ಮತ್ತೆ ನೀನು ಎಲ್ಲಿ ಕತ್ತರಿಸಿದೆ?"

ಆ ಚುಕ್ಕಿಯ ಹಿಂದೆಯೇ ಬೇರಿನ ತುದಿ, ಬಾಗಿಲ ಹಿಂದೆ ನಿಂತ ಕೂಸಿನ ಹಾಗೆ. ನಲವತ್ತು ಕೂಸಿನ ಮೂಗು ಕುಯ್ದಿದ್ದೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಎರಡನ್ನೂ ಒಂದೇ ವಾರದಲ್ಲಿ ಮಾಡಿದೆ.

ಗೊಬ್ಬರದ ಲಾರಿಯವನು ಇವತ್ತು, "ಏನಮ್ಮ, ಮಾತಾಡಿದವಾ?" ಅಂದ. ಯಾಕೆ ಹೇಳಿದೆನೋ.

ಸತ್ತದ್ದು ೮೦. ಉಳಿದದ್ದು ೧೬೦.

ಮಾರ್ಚ್ ೪

ಇಪ್ಪತ್ತು ಬೀಜಕ್ಕೆ ಹಿಂದಿನ ತುದಿಯಲ್ಲಿ ಚಿವುಟಿದೆ, ಮೂತಿಯಿಂದ ದೂರ. ಈ ಸಲ ಬೇರಿಗೆ ಏನೂ ಆಗಲಿಲ್ಲ. ಆದರೆ ಮೂರು ವರ್ಷದ ಬಾಯಾರಿಕೆ ನೋಡಿ, ಒಂದೇ ಕಂಡಿಯಿಂದ ಗಟಗಟ ಕುಡಿದು ಹೊಟ್ಟೆ ಒಡೆದುಕೊಂಡವು. ಬಿರುಕು, ಆಮೇಲೆ ಬೂಸ್ಟು.

ಸತ್ತದ್ದು ೧೦೦. ಉಳಿದದ್ದು ೧೪೦.

ಊಟಕ್ಕೆ ಕೂತಾಗ ನಾನು ಮಾತಾಡಲಿಲ್ಲ. ಇವರಿಗೆ ಗಾಬರಿ. "ಜ್ವರವಾ?"

ಅತ್ತೆ ಅಂದರು: "ಇರಲಿ ಬಿಡೋ. ಈಗಲಾದರೂ ನಾನು ಹೇಳೋದು ಕೇಳಿಸುತ್ತೆ. ಒಂದು ತಿಂಗಳಿಂದ ಹೇಳಬೇಕು ಅಂತಿದೀನಿ. ಮರದ ಕೆಳಗೆ ಸಸಿ ಕಂಡಿಲ್ಲ. ಕೆಳಗೆ ತೊರೆ ತಿರುಗುತ್ತಲ್ಲ, ಆ ಮರಳಿನಲ್ಲಿ ಕಂಡಿದೀನಿ. ಎರಡು ಸಲ. ಮೇಯೋ ದನ ಉಳಿಸಲಿಲ್ಲ, ಅದು ಬೇರೆ ಮಾತು. ಬೀಜ ನೀರಿಗೆ ಬೀಳುತ್ತೆ, ಕಲ್ಲಿನ ಜೊತೆ ಉರುಳುತ್ತೆ, ಮೈಯೆಲ್ಲ ಸವೆಯುತ್ತೆ. ಒಂದು ಕಡೆ ಕಂಡಿ ಅಲ್ಲ ಕಣೇ, ಮೈತುಂಬ ತೆಳ್ಳಗಾಗಬೇಕು. ಆಮೇಲೆ ನಿಧಾನಕ್ಕೆ ಕುಡಿಯುತ್ತೆ."

ತುತ್ತು ಕೈಯಲ್ಲೇ ನಿಂತಿತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ನನ್ನದು ಹಿತ್ತಲೂ ಅಲ್ಲ, ಪಕ್ಕದ ತಟ್ಟೆ.

"ಅತ್ತೆ, ಈಗ ತೊರೆ ಎಲ್ಲಿಂದ ತರಲಿ? ಬತ್ತಿ ಕೂತಿದೆಯಲ್ಲ."

ಕೇಳುತ್ತಲೇ ಕಿಟಕಿಯಾಚೆ ನೋಡಿದೆ. ಅಲ್ಲಿ ಹಳದಿ ಬಣ್ಣದ್ದು, ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಕಲ್ಲು, ಮರಳು, ನೀರು ಹಾಕಿದರೆ ಉರುಳಿಸುವುದೇ ಅದರ ಕಸುಬು. ಇವರ ಕಾಂಕ್ರೀಟ್ ಮಿಕ್ಸರ್.

ಇವರು ನನ್ನ ಕಣ್ಣು ಹೋದ ಕಡೆ ನೋಡಿದರು. "ಬೇಡ," ಅಂದರು. "ಬೇಡ ಬೇಡ. ಅದು ನನ್ನ ಅನ್ನದ ಮಿಷನ್ನು."

ಮಾ. ೫ – ೧೧

ವಾರವೆಲ್ಲ ಪರೀಕ್ಷೆ. ನಮ್ಮ ಬೀಜ ಮುಟ್ಟಲಿಲ್ಲ, ಇಷ್ಟಾದರೂ ಕಲಿತಿದ್ದೇನೆ. ದಾರಿಬದಿಯ ಕೆಂಪು ಹೂವಿನ ಮರದ ಬೀಜ ಆರಿಸಿ ತಂದೆ, ಅದೂ ಕಲ್ಲಿನಂಥದ್ದೇ. ಡ್ರಮ್ಮಿನಲ್ಲಿ ಸಣ್ಣ ಜಲ್ಲಿ, ದಪ್ಪ ಮರಳು, ನಾಲ್ಕು ಬಕೆಟ್ ನೀರು. ಹತ್ತು ನಿಮಿಷ: ಏನೂ ಇಲ್ಲ. ಎರಡು ಗಂಟೆ: ಪುಡಿ. ಒಂದು ಗಂಟೆ: ಹೊಳಪು ಹೋಗಿ ಮೈ ಮಂಕು. ನೆನೆಸಿದರೆ ನಿಧಾನವಾಗಿ, ಒಂದೂವರೆ ದಿನ ತಗೊಂಡು, ಸಮವಾಗಿ ಉಬ್ಬಿದವು. ಒಂದೂ ಒಡೆಯಲಿಲ್ಲ!

ಇವರು ಮೊದಲ ದಿನ ದೂರ ನಿಂತಿದ್ದರು. ಮೂರನೇ ದಿನ ಡ್ರಮ್ಮಿನ ಓರೆ ಬದಲಿಸಿದರು. ಐದನೇ ದಿನ ನನ್ನನ್ನೇ ಪಕ್ಕಕ್ಕೆ ಸರಿಸಿದರು. "ನೀನು ಬಿಡು, ನಿನಗೆ ಇದರ ಶ್ರುತಿ ಗೊತ್ತಿಲ್ಲ. ಇಪ್ಪತ್ತು ವರ್ಷ ಇದರಲ್ಲಿ ಮನೆ ಕಲಸಿದೀನಿ, ಸೇತುವೆ ಕಲಸಿದೀನಿ. ಕಾಡು ಕಲಸಿರಲಿಲ್ಲ."

ಮಾ. ೧೨

ನಮ್ಮ ಬೀಜ. ನೂರ ನಲವತ್ತೂ ಹಾಕೋಣ ಅಂತ ಕೈ ಹೋಯಿತು. ಅತ್ತೆ ಡಬ್ಬಿಯ ಮೇಲೆ ಕೈ ಇಟ್ಟರು. ಅರವತ್ತು ಹಾಕಿದೆವು. ಎಂಬತ್ತು ಡಬ್ಬಿಯಲ್ಲೇ.

ಒಂದು ಗಂಟೆ. ಗಡಗಡ ಸದ್ದು. ಪ್ರತಿ ಸುತ್ತಿಗೂ ನನ್ನ ಹಲ್ಲು ಅಲ್ಲಾಡಿತು.

ಡ್ರಮ್ ಬಗ್ಗಿಸಿ ಸುರಿದೆವು. ಮೂವರೂ ನೋಡಿದೆವು.

ಜಲ್ಲಿಕಲ್ಲಿನ ಬಣ್ಣದ ಬೀಜ, ಜಲ್ಲಿಕಲ್ಲಿನ ಗಾತ್ರ... ಐದು ಬಾಂಡಲಿ ಜಲ್ಲಿಯೊಳಗೆ! ದಾರಿಬದಿ ಬೀಜ ಉದ್ದುದ್ದ ಇತ್ತು, ಕಣ್ಣಿಗೆ ಬೀಳುತ್ತಿತ್ತು. ಇದು ಗುಂಡು ಅನ್ನುವುದು ಮೂರು ತಲೆಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ.

"ಜರಡಿ ಹಿಡೀತೀನಿ," ಅಂದರು ಇವರು. ಜರಡಿ ಮರಳನ್ನು ಬಿಟ್ಟಿತು, ಜಲ್ಲಿಯನ್ನೂ ಬೀಜವನ್ನೂ ಅಣ್ಣತಮ್ಮಂದಿರ ಹಾಗೆ ಒಟ್ಟಿಗೆ ಉಳಿಸಿತು.

ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಅಂಗಳದಲ್ಲಿ ಕೂತು ಒಂದೊಂದೇ ಕಲ್ಲು ಮುಟ್ಟಿ ನೋಡಿದೆವು. ಭಾರ ಇದ್ದರೆ ಕಲ್ಲು, ಹಗುರ ಇದ್ದರೆ ಬೀಜ. ಇವರ ಕೆಲಸದವರು ಬಂದು ನೋಡಿ ಹೋದರು. "ಅಕ್ಕ, ಅಕ್ಕಿಯಲ್ಲಿ ಕಲ್ಲು ಆರಿಸೋದು ನೋಡಿದೀವಿ. ಕಲ್ಲಲ್ಲಿ ಅಕ್ಕಿ ಆರಿಸೋದು ಇದೇ ಮೊದಲು."

ಐವತ್ತೊಂಬತ್ತು. ಮತ್ತೆ ಎಣಿಸಿದೆ. ಐವತ್ತೊಂಬತ್ತು. ಒಂದಕ್ಕೋಸ್ಕರ ಊಟ ಸೇರಲಿಲ್ಲ. ಕೊನೆಗೆ ಅತ್ತೆ ಡ್ರಮ್ಮಿನೊಳಗೆ ತಲೆ ಹಾಕಿ, ಅಲಗಿನ ಸಂದಿಯಿಂದ ಕಿತ್ತು ಕೊಟ್ಟರು. ಅರವತ್ತು. ಆಮೇಲೆ ಎರಡು ಸಲ ಬಡಿಸಿಕೊಂಡೆ.

ಮಾ. ೧೪

ನಾಲ್ಕು ಒಡೆದಿವೆ. ಹದಿನೈದು ಜಪ್ಪಯ್ಯ ಅಂದರೂ ಉಬ್ಬಿಲ್ಲ, ಸೀಳಿದರೆ ಒಳಗೆಲ್ಲ ಪೊಳ್ಳು. ನಲವತ್ತೊಂದು ಉಬ್ಬಿವೆ, ದುಂಡಗೆ, ಒಂದು ಗೀರಿಲ್ಲದೆ. ನಲವತ್ತೊಂದು ಕಪ್ಪು ಚೀಲಕ್ಕೆ ಮರಳುಮಣ್ಣು ತುಂಬಿ ಹಾಕಿದೆ. ಪ್ರತಿ ಚೀಲಕ್ಕೂ ನಂಬರ್.

ಮೇಡಂಗೆ ಫೋನ್ ಮಾಡಿಲ್ಲ. ಮಾಡಿಲ್ಲ!

ಮಾ. ೨೩, ಬೆಳಿಗ್ಗೆ ೭

ಬೇರು!! ಒಂಬತ್ತನೇ ಚೀಲ. ಬಿಳಿ, ಅಕ್ಕಿಕಾಳಿನಷ್ಟು. ಮೂತಿಯಿಂದಲೇ ಬಂದಿದೆ. ಫೋಟೋ ತೆಗೆದೆ, ಇವರನ್ನು ಎಬ್ಬಿಸಿದೆ, ಅತ್ತೆಯನ್ನು ಎಳೆದು ತಂದೆ. ಮೇಡಂಗೆ ಫೋಟೋ ಕಳಿಸಿದೆ.

ಬೆಳಿಗ್ಗೆ ೯

ಮೇಡಂ ಫೋನ್. ದನಿಯಲ್ಲಿ ಏನೋ ಇತ್ತು, ಅದುಮಿಟ್ಟುಕೊಂಡ ಹಾಗೆ. "ಚೆನ್ನಾಗಿದೆ. ಆದರೆ ಬೇರು ನನಗೂ ಒಂದು ಸಲ ಬಂದಿತ್ತು, ಕೊಳೀತು. ನನಗೆ ಎಲೆ ಬೇಕು ನರ್ಸರಿಯಮ್ಮ. ನಾನು ಬರೆಯೋದು ಕಂಡದ್ದನ್ನ."

ಮಾ. ೨೫

ಒಂಬತ್ತನೆಯದು ಹೋಯಿತು. ಬೇರಿನ ತುದಿ ಕಪ್ಪು.

ನಿಜ ಬರೆಯುತ್ತೇನೆ, ಓದುವವರು ಯಾರಿದ್ದಾರೆ. ಬಿತ್ತಿದ ಮರುದಿನದಿಂದ ದಿನಕ್ಕೊಂದು ಚೀಲ ಕೆದಕಿ ನೋಡಿದ್ದೇನೆ. ಒಂದನೆಯದು, ಎರಡನೆಯದು, ಹೀಗೆ. ಲೆಕ್ಕ ಇಡಬೇಕಲ್ಲ. ನೋಡಿ ಮತ್ತೆ ಮುಚ್ಚಿದ ಒಂಬತ್ತೂ ಸತ್ತಿವೆ. ಕೆದಕದ ಮೂವತ್ತೆರಡು ಹೇಗಿವೆಯೋ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಹೋದರೆ ಅವೂ ಸಾಯುತ್ತವೆ.

ಅತ್ತೆಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ.

"ನಿನ್ನ ಗಂಡ ಹೊಟ್ಟೆಯಲ್ಲಿದ್ದಾಗ," ಅಂದರು, "ದಿನಾ ಬೆಳಿಗ್ಗೆ ಇದಾನಾ ಅಂತ ತೆಗೆದು ನೋಡಿದ್ದರೆ ನಿನಗೆ ಮದುವೆಯೇ ಆಗ್ತಿರಲಿಲ್ಲ."

ಮೂವತ್ತೆರಡು ಚೀಲವನ್ನೂ ತಮ್ಮ ಕೋಣೆಯ ಮುಂದಿನ ಜಗಲಿಗೆ ಸಾಗಿಸಿದರು. ಅಲ್ಲೇ ಕುರ್ಚಿ. ನೀರು ಅವರೇ ಹಾಕುತ್ತಾರೆ. ನನಗೆ ಪ್ರವೇಶವಿಲ್ಲ. ಚಮಚ ಸಹ ಬಚ್ಚಿಟ್ಟಿದ್ದಾರೆ.

ಏಪ್ರಿಲ್ ೬

ಏನೂ ಇಲ್ಲ. ದೂರದಿಂದ ನೋಡಿದೆ. ಮರಳು ಮಟ್ಟಸ.

ಏ. ೯

ಮಟ್ಟಸ. ನಾಳೆ ಮೇಡಂ ಬರುತ್ತಾರೆ. ಎದ್ದದ್ದು ಅನ್ನುವ ಕಾಲಂ ಬಿಳಿ ಗೋಡೆಯ ಹಾಗಿದೆ.

ಏ. ೧೦, ಬೆಳಿಗ್ಗೆ ೬:೧೫

ಅತ್ತೆ ಬಂದು ಎಬ್ಬಿಸಿದರು. ಕೈ ಹಿಡಿದು ಕರೆದುಕೊಂಡು ಹೋದರು. ಹದಿನೇಳನೇ ಚೀಲ. ಮರಳು ಒಂದು ಕಡೆ ಉಬ್ಬಿ ಬಿರಿದಿದೆ, ಕೂದಲೆಳೆಯಷ್ಟು. ಇರುವೆಯೂ ಆಗಿರಬಹುದು. ಕೈಯನ್ನು ಕಂಕುಳಲ್ಲಿ ಅಮುಕಿಕೊಂಡು ನಿಂತೆ.

೧೦:೪೦

ಮೇಡಂ ಬಂದರು. ಜೀಪು, ಡ್ರೈವರು, ಬೀಗದ ಪೆಟ್ಟಿಗೆ. ಹದಿನೇಳನ್ನು ತೋರಿಸಿದೆ. ಬಗ್ಗಿ ನೋಡಿದರು, ತೋರುಬೆರಳು ಚಾಚಿದರು. "ಒಂಚೂರು ಸರಿಸಿ ನೋಡಲಾ?"

"ಬೇಡ!"

ನನ್ನ ದನಿಗೆ ನಾನೇ ಬೆಚ್ಚಿದೆ. ಇಡೀ ಊರಿನಲ್ಲಿ ಕೆದಕುವ ರೋಗ ಇದ್ದವಳು ನಾನೊಬ್ಬಳೇ, ನಾನೇ ಅವರ ಕೈ ಹಿಡಿದಿದ್ದೆ. "ಬೇಡ ಮೇಡಂ. ಒಂಬತ್ತನ್ನ ಹೀಗೇ ಕೊಂದಿದೀನಿ."

ಅವರು ಬೆರಳು ಮಡಚಿಕೊಂಡರು. "ಬಿರುಕನ್ನ ಸಸಿ ಅಂತ ಬರೆಯೋಕಾಗಲ್ಲವಲ್ಲ. ಪೆಟ್ಟಿಗೆ ಸಂಜೆಯೊಳಗೆ ದೊಡ್ಡ ಆಫೀಸು ಸೇರಬೇಕು. ಎಂಬತ್ತು ಎಣಿಸಿ ಕೊಡಿ, ಸೈನ್ ಹಾಕಿ."

೧೧:೩೦

ನಿಯಮ: ಇಬ್ಬರೂ ಬೇರೆ ಬೇರೆ ಎಣಿಸಬೇಕು, ಲೆಕ್ಕ ತಾಳೆಯಾಗಬೇಕು. ಮೇಡಂ ಎಣಿಸಿದರು, ಎಂಬತ್ತು. ನಾನು ಎಣಿಸಿದೆ. ಎಂಬತ್ತೇ ಇತ್ತು. ಜಗಲಿಯ ಕಡೆ ನೋಡಿದೆ. ಎಲೆ ಇನ್ನೂ ಬಂದಿಲ್ಲ ಅಂತ ಅತ್ತೆ ತಲೆಯಾಡಿಸಿದರು.

"ಎಪ್ಪತ್ತೊಂಬತ್ತು," ಅಂದೆ.

ನರ್ಸರಿಯ ಹದಿನೆಂಟು ವರ್ಷದಲ್ಲಿ ಮೊದಲ ತಪ್ಪು ಲೆಕ್ಕ. ಕಿವಿ ಬಿಸಿಯಾಯಿತು.

೧೨:೨೦

ಮತ್ತೆ ಎಣಿಸಿದೆವು. ಮೇಡಂ ಎಂಬತ್ತು. ನಾನು ಎಂಬತ್ತೊಂದು. ಬುಕ್ಕಿನಲ್ಲಿ ಇದನ್ನೇ ಬರೆಯುತ್ತಿದ್ದೇನೆ. ಕೂಡಿ ಕಳೆಯುತ್ತಿದ್ದಾಳೆ ಅಂತ ಮೇಡಂ ಅಂದುಕೊಂಡಿರಬೇಕು.

ಇವರು ಯಾರೂ ಕೇಳದೆ ಮಿಕ್ಸರ್ ತಂದು ಜೀಪಿನ ಹಿಂದೆ ನಿಲ್ಲಿಸಿ, ಕೆಟ್ಟಿದೆ ಅಂತ ಅದರ ಇಂಜಿನ್ ಮುಚ್ಚಳ ಎತ್ತಿದ್ದಾರೆ. ಕೆಟ್ಟಿಲ್ಲ. ಡ್ರೈವರೂ ಪಕ್ಕದಲ್ಲಿ ಕೂತು ಸಲಹೆ ಕೊಡುತ್ತಿದ್ದಾನೆ.

೧:೩೦

ಚಹಾ ಆಯಿತು. ಊಟವೂ ಆಯಿತು. ಬಿಸಿಲು ಜಗಲಿಗೆ ಬಂತು. ಅತ್ತೆ ಬೆರಳು ಕೊಂಚ ಬಾಗಿಸಿ ತೋರಿಸಿದರು. ಮೊಳಕೆಯ ಕೊಕ್ಕೆ! ಇರುವೆಗೆ ಕೊಕ್ಕೆ ಇರುವುದಿಲ್ಲ!

೨:೧೦

ಮೂರನೇ ಸಲ ಎಣಿಸಿ ನಾನು ಎಪ್ಪತ್ತೇಳು ಅಂದೆ. ಮೇಡಂ ಪೆನ್ನು ಕೆಳಗಿಟ್ಟರು.

"ನರ್ಸರಿಯಮ್ಮ. ನೀವು ಮೂರು ಸಲ ಲೆಕ್ಕ ತಪ್ಪಿದ್ದೀರಿ. ನೀವು."

ಬಾಯಿ ತೆರೆದೆ. ಒಂದು ಮಾತೂ ಬರಲಿಲ್ಲ. ಕಲ್ಲನ್ನು ಮಾತಾಡಿಸುತ್ತೇನೆ ಅಂದವಳಿಗೆ.

ಮೇಡಂ ಎದ್ದು ಜಗಲಿಗೆ ಹೋದರು. ಕೈ ಹಿಂದೆ ಕಟ್ಟಿಕೊಂಡು ಹದಿನೇಳರ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು. ವಾಪಸ್ ಬಂದು ಕೂತರು. ಬೀಜದ ರಾಶಿಯನ್ನು ಕಲಸಿ ಮತ್ತೆ ಒಂದರಿಂದ ಶುರು ಮಾಡಿದರು. ನಿಧಾನ, ಅಷ್ಟು ನಿಧಾನ ಯಾರೂ ಎಣಿಸಿರಲಿಕ್ಕಿಲ್ಲ.

"ಎಪ್ಪತ್ತೆಂಟು," ಅಂದರು. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. "ನಂದೂ ತಪ್ಪುತ್ತಿದೆ. ಇನ್ನೊಂದು ಸಲ ಎಣಿಸೋಣ. ಸರಿಯಾಗಿ. ಅವಸರ ಏನಿಲ್ಲ."

೩:೩೫

ಕೊಕ್ಕೆ ನೆಟ್ಟಗಾಗುತ್ತಿದೆ. ತಲೆಯ ಮೇಲೆ ಸಿಪ್ಪೆ, ಟೊಪ್ಪಿಯ ಹಾಗೆ. ಅದೊಂದು ಬಿದ್ದರೆ ಎಲೆ. ಸಿಪ್ಪೆ ಕಿತ್ತರೆ ಎಲೆಯೂ ಜೊತೆಗೇ ಕಿತ್ತುಬರುತ್ತದೆ, ಯಾರೂ ಮುಟ್ಟುತ್ತಿಲ್ಲ. ಎಲ್ಲರೂ ಜಗಲಿಯಲ್ಲಿ ಸಾಲಾಗಿ ಕೂತಿದ್ದೇವೆ, ಕೈ ಕಟ್ಟಿಕೊಂಡು, ಶಾಲೆಯ ಮಕ್ಕಳ ಹಾಗೆ. ಡ್ರೈವರೂ. ಎಣಿಕೆ ಇಪ್ಪತ್ತರಲ್ಲಿ ನಿಂತಿದೆ, ಯಾರಿಗೂ ನೆನಪಿಲ್ಲ.

೪:೦೫

ಬಿತ್ತು. ಬಿತ್ತು! ಎರಡು ಎಲೆ, ಇನ್ನೂ ಕೈ ಮುಗಿದುಕೊಂಡಿವೆ, ತುದಿ ಮಾತ್ರ ಬಿಟ್ಟುಕೊಂಡಿದೆ. ಮೇಡಂ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಬರೆಯುತ್ತಿದ್ದಾರೆ. ನಾನೂ ಬರೆಯುತ್ತೇನೆ. ಎದ್ದದ್ದು: ೧

ಅತ್ತೆ ಕೂಗುತ್ತಿದ್ದಾರೆ, "ಅದನ್ನೇ ಎಷ್ಟು ಹೊತ್ತು ನೋಡ್ತೀರೇ, ಈ ಕಡೆ ಇಪ್ಪತ್ತಾರನೇ ಚೀಲ ನೋಡಿ, ಮೂವತ್ತು..."

ಒಂದು ಅಲ್ಲ. ಹೊಡೆದು ಹಾಕಿದೆ. ಎದ್ದದ್ದು: